ನಡುವಿನ ಬುಷ್ಷು

ನಿನ್ನೆ ಮಾಡಿದ ಕೆಲಸಗಳು ಇಷ್ಟು. ಐದಕ್ಕೆ ಎದ್ದು ಅಂಗಳಕ್ಕೆ ನೀರು ಹೊಡೆದೆ. ನಲ್ಲಿ ಬರುವ ದಿನವಾದ್ದರಿಂದ ನಾಲ್ಕು ಕೊಡ, ಒಂದು ಡ್ರಮ್ಮು ತುಂಬಿಟ್ಟೆ. ಖಾನಾವಳಿಗೆ ಕೊಡುವ ಎಂಬತ್ತು ರೊಟ್ಟಿ ಬಡಿದೆ. ಆಮೇಲೆ ನಾಲ್ಕು ಬೇರೆ ಬಡಿದು, ಮೆತ್ತಗಿರುವಾಗಲೇ ಬಟ್ಟೆಯಲ್ಲಿ ಸುತ್ತಿ ಡಬ್ಬಿಗೆ ಹಾಕಿದೆ. ನಮ್ಮವರಿಗೆ ಬಿ.ಪಿ. ಗುಳಿಗೆ ಕೊಟ್ಟೆ, ಹೆಸರುಕಾಳು ನೆನೆಯಿಟ್ಟೆ, ಶೇಂಗಾ ಚಟ್ನಿ ಕುಟ್ಟಿದೆ. ಟ್ರಂಕಿನ ತಳದಿಂದ ಒಂದು ಅರಿವೆಪಟ್ಟಿ ತೆಗೆದು ಚೀಲಕ್ಕೆ ಹಾಕಿಕೊಂಡೆ. ಆಧಾರ ಕಾರ್ಡು ತೋರಿಸಿ ಒಂಬತ್ತರ ಬಸ್ಸಿಗೆ ಸವದತ್ತಿಗೆ ಹೋದೆ, ಅಲ್ಲಿಂದ ಇನ್ನೊಂದು ಬಸ್ಸಿಗೆ ರಾಮದುರ್ಗ. ಇಮಾಮಸಾಬ ಮಿಸ್ತ್ರಿಯನ್ನು ಕಂಡು ಬಂದೆ. ಸಂಜೆ ಆರಕ್ಕೆ ಮನೆ ಮುಟ್ಟಿ, ಒಣಗಿದ ಬಟ್ಟೆ ಮಡಚಿ, ಮರುದಿನದ ಜೋಳ ಹಸನು ಮಾಡಿದೆ.

ದಿನದ ಒಂದೊಂದು ಕೆಲಸಕ್ಕೆ ವಹಿಯಲ್ಲಿ ಒಂದೊಂದು ಸಾಲು ಬರೆದು ಮುಗಿಸುವುದು ನನ್ನ ರೂಢಿ. ಮಿಸ್ತ್ರಿಯ ಸಾಲು ಮಾತ್ರ ಅಷ್ಟಕ್ಕೇ ಮುಗಿಯುತ್ತಿಲ್ಲ. ಅದಕ್ಕೇ ಇವತ್ತು ಖಾನಾವಳಿಗೆ ರೊಟ್ಟಿ ಮುಟ್ಟಿಸಿ ಬಂದವಳು ಇದನ್ನು ಹಿಡಿದು ಕುಳಿತಿದ್ದೇನೆ.

ಬೈಲಹೊಂಗಲದ ನಮ್ಮ ಓಣಿಯಲ್ಲಿ ಮಿಸ್ತ್ರಿ ಅಂದರೆ ಬೆರಳು. ಅವರ ಎರಡೂ ಕೈ ಎಂಜಿನ್ ಎಣ್ಣೆ ಕುಡಿದು ಕುಡಿದು ಹಳೆಯ ಹಂಚಿನ ಹಾಗೆ ಕಪ್ಪಾಗಿದ್ದವು. ಆದರೆ ಬಲಗೈಯ ಮೂರು ಬೆರಳಿನ ತುದಿಗಳು ಬಾಣಂತಿ ಮನೆಯ ಕೂಸಿನ ಗಲ್ಲದ ಹಾಗೆ ಮೆತ್ತಗೆ, ಕೆಂಪಗೆ. ಆ ಮೂರು ಬೆರಳಿಂದ ಅವರು ನಟ್ಟು ಬಿಗಿಯುತ್ತಿರಲಿಲ್ಲ, ಸುತ್ತಿಗೆ ಹಿಡಿಯುತ್ತಿರಲಿಲ್ಲ. ಮಲಗುವಾಗ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದರಂತೆ. ಅವರ ಹೆಂಡತಿ, ನಮ್ಮ ಫಾತಿಮಾ ವೈನಿ, ಬದುಕಿರುವ ತನಕ ಇದೇ ಮಾತು ಹಿಡಿದು ಕಾಡುತ್ತಿದ್ದಳು: “ನಂಗ ಒಂದ ದಿನ ತಲಿಗೆ ಎಣ್ಣಿ ಹಚ್ಚಿಲ್ಲ ನೋಡ ಕಸ್ತೂರೆವ್ವ. ಬೆರಳಿಗೆ ಮಾತ್ರ ದಿನಾ ಆರೈಕಿ. ನಾ ಬೆರಳಾಗಿ ಹುಟ್ಟಬೇಕಿತ್ತು.”

ಅವರ ಕೆಲಸ ಟ್ರ್ಯಾಕ್ಟರಿನ ಎಂಜಿನ್ ಬಿಚ್ಚಿ ಕಟ್ಟುವುದು. ಅದರಲ್ಲೂ ಕ್ಯಾಮ್ ಶಾಫ್ಟು, ಅದು ಕೂತು ತಿರುಗುವ ಉಂಗುರದಂಥ ಬುಷ್ಷುಗಳು. ಕಿತ್ತೂರು ಕಡೆಯಿಂದ, ಸವದತ್ತಿ ಕಡೆಯಿಂದ ಎಂಜಿನ್ ಹೊತ್ತು ತರುತ್ತಿದ್ದರು. ಆಳು ಇಟ್ಟುಕೊಂಡವರಲ್ಲ. ಭಾರ ಎತ್ತಲು ಗಾಡಿ ತಂದವರನ್ನೇ ಕರೆಯುತ್ತಿದ್ದರು, ಉಳಿದದ್ದೆಲ್ಲ ಒಬ್ಬರೇ.

ಅವರ ಗ್ಯಾರೇಜಿನ ಹಿತ್ತಲಿಗೂ ನನ್ನ ಒಲೆಯಿರುವ ಹಿತ್ತಲಿಗೂ ನಡುವೆ ಮೊಣಕಾಲೆತ್ತರದ ಗೋಡೆ. ಬುಷ್ಷು ನೋಡುವ ಹೊತ್ತು ಬಂತೆಂದರೆ ಮಿಸ್ತ್ರಿ ಅಣ್ಣ ಮೊದಲು ಸೀಮೆಎಣ್ಣೆಯಲ್ಲಿ, ಆಮೇಲೆ ಸಾಬೂನಿನಲ್ಲಿ ಕೈ ತೊಳೆದು, ಗೋಡೆ ದಾಟಿ ಬಂದು ನನ್ನ ಒಲೆಯ ಮುಂದೆ ಕುಕ್ಕುರುಗಾಲಲ್ಲಿ ಕೂರುತ್ತಿದ್ದರು. ಮೂರು ಬೆರಳು ಬೆಂಕಿಗೆ ಹಿಡಿದು ಕಾಯಿಸಿಕೊಳ್ಳುತ್ತಿದ್ದರು. “ತಣ್ಣಗಿನ ಬೆರಳು ಸುಳ್ಳ ಹೇಳತಾವ ತಂಗಿ” ಅನ್ನುತ್ತಿದ್ದರು. ಆಮೇಲೆ ಎದ್ದು ಹೋಗಿ, ಕಣ್ಣು ಮುಚ್ಚಿ, ಶಾಫ್ಟಿನ ಮೇಲೆ ಬೆರಳು ಆಡಿಸುವುದು. ನಾನು ರೊಟ್ಟಿ ಬಡಿಯುತ್ತಾ ನೋಡುತ್ತಿದ್ದೆ. ನಮಾಜಿಗೆ ನಿಂತಾಗಲೂ ಅವರ ಮುಖ ಅಷ್ಟು ಸುಮ್ಮನಾಗುತ್ತಿತ್ತೋ ಇಲ್ಲವೋ.

ಒಮ್ಮೆ ಕೇಳಿದೆ, “ಅಣ್ಣಾರ, ಅದೇನ ಇಷ್ಟ ನೋಡತೀರಿ ಅದರಾಗ? ಒಂದ ಸಳಿ ಐತಿ, ಅದಕ್ಕ ನಾಕ ಗಂಟ ಅದಾವ.”

ಅವರಿಗೆ ಯಾರಾದರೂ ಇದನ್ನು ಕೇಳಿದರೆ ಸಾಕಿತ್ತು.

“ಸಳಿ ಅಂತೀಯಾ? ಎಂಜಿನ್ನಿನಾಗ ಬಾಗಲಾ ತಗಿಯೋದು, ಬಾಗಲಾ ಹಾಕೋದು ಇದರ ಕೆಲಸ. ಗಾಳಿ ಒಳಗ ಬಿಡಬೇಕು, ಹೊಗಿ ಹೊರಗ ಹಾಕಬೇಕು. ಕೆಳಗ ಕ್ರ್ಯಾಂಕು ಎರಡ ಸುತ್ತ ಹೊಡದ್ರ ಇದು ಒಂದ ಸುತ್ತು. ಗದ್ದಲ ಎಲ್ಲಾ ಕ್ರ್ಯಾಂಕಿಂದು, ಹೆಸರ ಎಲ್ಲಾ ಪಿಸ್ಟನ್ನಿಂದು. ಇದು ಮನ್ಯಾನ ಹೆಣ್ಮಗಳಿದ್ದಂಗ. ಇರೂತನಾ ಯಾರೂ ನೋಡಂಗಿಲ್ಲ. ಮಲಗಿದ್ಲೋ, ಮನಿ ನಿಂತಂಗ.”

“ಮತ್ತ ಬುಷ್ಷು?”

“ನೀ ರೊಟ್ಟಿ ಬಡಿಯೋವಾಗ ಕಲ್ಲಿನ ಮ್ಯಾಲ ಒಣಾ ಹಿಟ್ಟ ಉದರಸ್ತೀಯಲ್ಲ, ಯಾಕ?”

“ಇಲ್ಲಂದ್ರ ರೊಟ್ಟಿ ತಿರಗಂಗಿಲ್ರಿ. ಅಂಟತೈತಿ.”

“ಬಸ್. ಬುಷ್ಷು ನಿನ್ನ ಕಲ್ಲು. ಶಾಫ್ಟು ರೊಟ್ಟಿ. ನಡುವ ಹಿಟ್ಟ ಇದ್ದಂಗ ಎಣ್ಣಿ. ಶಾಫ್ಟು ಬುಷ್ಷಿಗೆ ತಾಗೇ ಇಲ್ಲ ಅನ್ನೂವಂಗ ಎಣ್ಣಿ ಮ್ಯಾಲ ತೇಲಬೇಕು. ಬ್ಲಾಕಿನಾಗಿಂದ ಎಣ್ಣಿ ಬರಾಕ ಒಂದ ತೂತು, ಬುಷ್ಷಿನಾಗ ಒಂದ ತೂತು. ಎರಡೂ ತೂತಿನ ಬಾಯಿ ಒಂದಕ್ಕೊಂದ ಕೂಡಬೇಕು. ಕೂಡಲಿಲ್ಲಾ, ಮುಗೀತು.”

ಕಿವಿಯೂ ಅಷ್ಟೇ ಚುರುಕು. ಹೂಲಿಗೆ ಒಂದು ಮದುವೆಗೆ ಹೊರಟಿದ್ದೆವು, ಎರಡೂ ಮನೆಯವರು, ಒಂದು ಬಾಡಿಗೆ ಟೆಂಪೋದಲ್ಲಿ. ಸವದತ್ತಿ ದಾಟಿ ಸ್ವಲ್ಪ ಹೋಗಿದ್ದೆವು, ಮಿಸ್ತ್ರಿ ಅಣ್ಣ “ನಿಲ್ಲಸಲೇ” ಅಂದರು.

“ಯಾಕ್ರಿ ಚಾಚಾ, ಒಂದಕ್ಕೇನ್ರಿ?” ಅಂದ ಡ್ರೈವರ್.

“ಒಂದಕ್ಕ ನಿನ್ನ ಎಂಜಿನ್ ಹೊಂಟೈತಿ. ನಿಲ್ಲಸು.”

ಬೇವಿನ ಗಿಡದಿಂದ ಒಂದು ಕಟ್ಟಿಗೆ ಮುರಿದು, ಒಂದು ತುದಿ ಎಂಜಿನ್ನಿಗೆ, ಇನ್ನೊಂದು ತುದಿ ಕಿವಿಗೆ ಇಟ್ಟು ನಿಂತರು. ರೇಷ್ಮೆ ಸೀರೆ ಉಟ್ಟ ನಾವೆಲ್ಲ ಬಿಸಿಲಲ್ಲಿ. ಆಮೇಲೆ ಎಂಜಿನ್ನಿನ ಎಣ್ಣೆ ಅಳೆಯುವ ಕಡ್ಡಿ ಎಳೆದು, ಅದರ ಎಣ್ಣೆಯನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ತಿಕ್ಕಿ ಬಿಸಿಲಿಗೆ ಹಿಡಿದರು. ಬೆರಳ ಮೇಲೆ ನನ್ನ ಸೀರೆಯ ಜರಿಯನ್ನು ಅರೆದು ಹಚ್ಚಿದ ಹಾಗೆ ಮಿಣಮಿಣ.

“ಬುಷ್ಷಿನ ಮೈ ಎಣ್ಣ್ಯಾಗ ಬರಾಕತ್ತೈತಿ. ಇದನ್ನ ಇನ್ನ ಓಡಸಬ್ಯಾಡ.”

ನಡೆದುಕೊಂಡು ಹೋದೆವು. ಅಕ್ಷತೆ ಮುಗಿದಿತ್ತು, ಕೊನೆಯ ಪಂಕ್ತಿಯಲ್ಲಿ ಉಂಡೆವು. ನಮ್ಮವರು ದಾರಿಯುದ್ದಕ್ಕೂ ಗೊಣಗಿದರು: “ಇವನ್ನ ಕಟಗೊಂಡ ಹೊಂಟ್ರ ಮದವಿಗಲ್ಲ, ಸೀದಾ ತೊಟ್ಟಿಲಕ್ಕ ಮುಟ್ಟತೇವಿ.” ವಾರದ ಮೇಲೆ ಆ ಡ್ರೈವರ್ ಒಂದು ಪೊಟ್ಟಣ ಪೇಡೆ ಹಿಡಿದು ಗ್ಯಾರೇಜಿಗೆ ಬಂದ. ಬಿಚ್ಚಿದ ಬುಷ್ಷಿನ ಮೇಲಿನ ಬೂದಿ ಬಣ್ಣದ ಪದರು ಪೂರ್ತಿ ಸವೆದು ತಾಮ್ರ ಕಾಣುತ್ತಿತ್ತು. ಪೇಡೆಯಲ್ಲಿ ಅರ್ಧ ನಮ್ಮವರೇ ತಿಂದರು.

ಹೀಗಿದ್ದ ಬೆರಳು ಹೋದದ್ದನ್ನು ಮೊದಲು ಕಂಡವಳು ನಾನು. ಫಾತಿಮಾ ವೈನಿ ತೀರಿಕೊಂಡ ಮರುವರ್ಷ. ರೂಢಿಯಂತೆ ಒಲೆಯ ಮುಂದೆ ಬಂದು ಕೂತು ಕೈ ಚಾಚಿದ್ದರು. ಏನೋ ಮಾತಾಡುತ್ತಿದ್ದರು. ನನ್ನ ಮೂಗಿಗೆ ವಾಸನೆ ಬಂತು, ಕೋಳಿ ಸುಡುವಾಗಿನ ವಾಸನೆ. ನೋಡಿದರೆ ಅವರ ಬೆರಳಿನ ತುದಿ ಕಾದ ಹಂಚಿಗೆ ತಾಗಿದೆ, ಅವರು ಮಾತಾಡುತ್ತಲೇ ಇದ್ದಾರೆ.

“ಅಣ್ಣಾರ! ಕೈ!”

ಕೈ ಎಳೆದುಕೊಂಡು, ಬೇರೆ ಯಾರದೋ ಬೆರಳನ್ನು ನೋಡುವ ಹಾಗೆ ನೋಡಿದರು. ಬೊಬ್ಬೆ ಏಳುತ್ತಿತ್ತು. “ಸಕ್ರಿ ಬ್ಯಾನಿ, ತಂಗಿ. ಕಾಲಿಂದ ಹತ್ತಿತ್ತು. ಈಗ ಇಲ್ಲಿಗೆ ಬಂದೈತಿ.” “ಯಾರ ಮುಂದನೂ ಹೇಳಬ್ಯಾಡ” ಅಂದರು.

ಒಂದು ತಿಂಗಳು ಗ್ಯಾರೇಜಿನಲ್ಲಿ ಸಪ್ಪಳವಿರಲಿಲ್ಲ. ಬಂದ ಎಂಜಿನ್ನುಗಳನ್ನು ಆ ನೆಪ ಈ ನೆಪ ಹೇಳಿ ತಿರುಗಿಸಿ ಕಳಿಸಿದರು. ಕಣ್ಣಿಗೂ ಪೊರೆ ಬಂದಿತ್ತು, ಅಳತೆಯ ಮೈಕ್ರೋಮೀಟರಿನ ಗೆರೆ ಕಾಣುತ್ತಿರಲಿಲ್ಲ. ಆ ಮೈಕ್ರೋಮೀಟರು ಮಖಮಲ್ಲಿನ ಪೆಟ್ಟಿಗೆಯಲ್ಲಿತ್ತು. “ಇದು ಗಿರಾಕಿ ಮನಸಿಗೆ, ಬೆರಳು ನನ್ನ ಮನಸಿಗೆ” ಅನ್ನುತ್ತಿದ್ದರು. ಈಗ ಎರಡೂ ಇಲ್ಲ. ಒಂದು ಮಧ್ಯಾಹ್ನ ಗೋಡೆಯ ಆಚೆ ನಿಂತು, ನನ್ನನ್ನು ನೋಡದೆ, ನನ್ನ ಕೈಯನ್ನು ನೋಡುತ್ತಾ ಕೇಳಿದರು: “ಕಸ್ತೂರೆವ್ವ, ರೊಟ್ಟಿ ದಪ್ಪ ಆತು, ತೆಳ್ಳಗಾತು ಅಂತ ನಿನಗ ಹೆಂಗ ತಿಳಿತೈತಿ?”

“ಕೈಗೆ ತಿಳಿತೈತ್ರಿ.”

“ನನಗ ಕಲಸಾಕ ಬರತೈತಿ. ನೀ ಕಲೀತೀ?”

ಹೀಗೆ ರೊಟ್ಟಿ ಬಡಿಯುವ ನಾನು ಇಮಾಮಸಾಬ ಮಿಸ್ತ್ರಿಯ ಬೆರಳಾದೆ. ಯಾರಿಗೂ ತಿಳಿಯದಂತೆ. ಓಣಿಯ ಗಂಡಸರು ಉಂಡು ಅಡ್ಡಾಗುವ ಹೊತ್ತಿಗೆ, ಮಿಸ್ತ್ರಿ ಅಣ್ಣನ ಊಟದ ಡಬ್ಬಿ ಕೊಡುವ ನೆಪದಲ್ಲಿ ಹಿತ್ತಲ ಗೋಡೆ ದಾಟುತ್ತಿದ್ದೆ. ನಮ್ಮವರಿಗೂ ಹೇಳಲಿಲ್ಲ. ಇದನ್ನು ಓದಿದರೆ ಈಗ ಗೊತ್ತಾದೀತು.

ಹೊಸ ಶಾಫ್ಟು ಒಂದು, ಸವೆದದ್ದು ಒಂದು ಮುಂದಿಟ್ಟು, ಕಣ್ಣು ಮುಚ್ಚಿಸಿ ಕಲಿಸಿದರು. ಶಾಫ್ಟು ಕೂರುವ ಜಾಗದ ಮೇಲೆ ಉಗುರನ್ನು ಅಡ್ಡ ಎಳೆಯಬೇಕು. ಉಗುರು ಎಲ್ಲೂ ತಡೆಯದಿದ್ದರೆ ಸರಿ, ತಡೆದರೆ ಗೀರು ಬಿದ್ದಿದೆ. ಶಾಫ್ಟನ್ನು ಬುಷ್ಷಿನೊಳಗೆ ಹಾಕಿ ಮೇಲೆ ಕೆಳಗೆ ಎತ್ತಬೇಕು. ಎಣ್ಣೆ ಹಿಡಿಯುವಷ್ಟು ಮಾತ್ರ ಸಡಿಲಿರಬೇಕು, ಟಕ್ ಅಂತ ಸಪ್ಪಳ ಬಂದರೆ ಬುಷ್ಷು ಉಂಡು ಮುಗಿಸಿದೆ ಅಂತ ಅರ್ಥ. ಮೈಕ್ರೋಮೀಟರಿನ ಗೆರೆ ನಾನು ಓದಿ ಹೇಳುತ್ತಿದ್ದೆ, ಬುಷ್ಷಿನ ಅಳತೆಯಿಂದ ಶಾಫ್ಟಿನದನ್ನು ಅವರು ಮನಸ್ಸಿನಲ್ಲೇ ಕಳೆಯುತ್ತಿದ್ದರು. ಕೊನೆಗೆ ತೂತು. ಹೊಸ ಬುಷ್ಷನ್ನು ಬ್ಲಾಕಿಗೆ ಒತ್ತಿ ಕೂರಿಸಿದ ಮೇಲೆ ಬೆರಳು ಒಳಗೆ ಹಾಕಿ, ಎಣ್ಣೆಯ ತೂತಿನ ಸುತ್ತ ಉಗುರು ತಿರುಗಿಸಬೇಕು. “ಬಿದಿಗಿ ಚಂದ್ರನಷ್ಟ ಅಂಚ ಹತ್ತಿದ್ರೂ ನನಗ ಹೇಳು” ಅನ್ನುತ್ತಿದ್ದರು. ಹತ್ತಿದರೆ ಬುಷ್ಷು ತೂತನ್ನು ಅಷ್ಟು ಮುಚ್ಚಿದೆ, ತೆಗೆದು ಮತ್ತೆ ಕೂರಿಸಬೇಕು.

ಮುಂದಿನ ಬುಷ್ಷು, ಹಿಂದಿನ ಬುಷ್ಷು ಎರಡಕ್ಕೂ ಬೆರಳು ಸುಲಭವಾಗಿ ಮುಟ್ಟುತ್ತಿತ್ತು. ನಡುವಿನದಕ್ಕೆ ಮಾತ್ರ ಎಂಜಿನ್ನಿನ ಹೊಟ್ಟೆಯೊಳಗೆ ಮೊಣಕೈ ತನಕ ಕೈ ಹಾಕಬೇಕು. ನನ್ನ ಬಳೆ ಅಡ್ಡ ಬರುತ್ತಿದ್ದವು. ಎರಡೂ ಕೈಗೆ ಡಜನ್ನು ಹಸಿರು ಬಳೆ. ಗಂಡನಿರುವವಳಿಗೆ ತೆಗೆದಿಡು ಅನ್ನಲು ಅವರಿಗೆ ಬಾಯಿ ಬರಲಿಲ್ಲ. ಮರುದಿನ ಹೋದಾಗ ಮೊಳೆಗೆ ಒಂದು ಬಿಳಿ ಅರಿವೆಪಟ್ಟಿ ತೂಗುತ್ತಿತ್ತು, ಫಾತಿಮಾ ವೈನಿಯ ಹಳೆಯ ದುಪಟ್ಟಾ ಹರಿದು ಮಾಡಿದ್ದು, ಒಗೆದು ಮಡಚಿದ್ದು. ಬಳೆಗಳನ್ನು ಮೊಣಕೈ ಹತ್ತಿರದ ತನಕ ಮೇಲೆ ಸರಿಸಿ, ಅದರಿಂದ ಬಿಗಿದು ಕಟ್ಟಿ, ಕೈ ಒಳಗೆ ಹಾಕುವುದು. ನಾನು ತೋಳು ಮೇಲೆ ಮಾಡುವಾಗ ಮಿಸ್ತ್ರಿ ಅಣ್ಣ ಗೋಡೆ ಕಡೆ ಮುಖ ಮಾಡಿ ನಿಲ್ಲುತ್ತಿದ್ದರು. ಕೈ ಹೊರಗೆ ತೆಗೆದು ಸೀರೆ ಸರಿ ಮಾಡಿಕೊಂಡು “ಹ್ಞೂಂರಿ” ಅನ್ನುವ ತನಕ ತಿರುಗುತ್ತಿರಲಿಲ್ಲ. ಗೋಡೆಗೆ ಮಾತಾಡುವ ಹಾಗೆ ಕೇಳುತ್ತಿದ್ದರು, “ಹತ್ತಿತೇನ?”

“ಹತ್ತಂಗಿಲ್ರಿ, ಸರಿ ಐತಿ.”

ಎರಡು ವರ್ಷ ನಡೆಯಿತು. ಒಂದು ಎಂಜಿನ್ನೂ ತಿರುಗಿ ಬರಲಿಲ್ಲ. ಓಣಿಯಲ್ಲಿ “ವಯಸ್ಸಾದಂಗ ಮಿಸ್ತ್ರಿ ಕೈ ಇನ್ನೂ ಪಳಗೇತಿ” ಅಂದರೆ ನಾನು ಒಲೆಯ ಮುಂದೆ ಒಬ್ಬಳೇ ನಕ್ಕಿದ್ದೂ ಉಂಟು.

ಆಮೇಲೆ ಚಚಡಿಯ ಬಸಲಿಂಗನ ಟ್ರ್ಯಾಕ್ಟರ್ ಬಂತು. ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊಡೆಯುವ ಗಾಡಿ. ಹಂಗಾಮು ಶುರುವಾಗುವ ಮೊದಲು ಎಂಜಿನ್ ಆಗಬೇಕಿತ್ತು. ಬುಷ್ಷು ನೋಡುವ ದಿನವೇ ನನಗೆ ಕಿತ್ತೂರಿನ ಒಂದು ಮನೆಶಾಂತಿಗೆ ಐನೂರು ರೊಟ್ಟಿ ಕೊಡುವುದಿತ್ತು, ನಾಲ್ಕಕ್ಕೆ ಗಾಡಿ ಬರುತ್ತಿತ್ತು. ಗೋಡೆಯಾಚೆಯಿಂದ ಕರೆದರು, “ಕಸ್ತೂರೆವ್ವ, ಒಂದ ಹತ್ತ ಮಿನೀಟು.”

ಹಂಚಿನ ಮೇಲೆ ಒಂದು ರೊಟ್ಟಿ ಹಾಕಿದ್ದೆ. ಹಾಗೇ ಬಿಟ್ಟು ಓಡಿದೆ. ಮುಂದಿನ ಬುಷ್ಷಿನ ತೂತು ನೋಡಿದೆ. ಹಿಂದಿನದು ನೋಡಿದೆ. ಎರಡೂ ಸರಿ ಇದ್ದವು. ಅವರು ಮೊಳೆಯಿಂದ ಅರಿವೆ ತೆಗೆದು ನನ್ನ ಕೈಗೆ ಕೊಟ್ಟು ಗೋಡೆ ಕಡೆ ತಿರುಗಿದರು. ಅಷ್ಟರಲ್ಲಿ ಹಿತ್ತಲಿಂದ ರೊಟ್ಟಿ ಹೊತ್ತುವ ವಾಸನೆ ಬಂತು. ಅರಿವೆ ಕಟ್ಟಲು ಎಷ್ಟು ಹೊತ್ತು ಬೇಕು? ಅರ್ಧ ನಿಮಿಷ. ಅದನ್ನು ನಡಕ್ಕೆ ಸಿಗಿಸಿಕೊಂಡು ಹಾಗೇ ಕೈ ಹಾಕಿದೆ. ಮಣಿಕಟ್ಟಿನ ತನಕ ಹೋಯಿತು, ಬಳೆ ತಡೆದವು. ನಡುವಿನ ಬುಷ್ಷು ಇನ್ನೂ ಗೇಣು ಆಚೆ ಇತ್ತು. ಬಳೆ ಎಂಜಿನ್ನಿಗೆ ತಾಗಿ ಸಪ್ಪಳವಾಯಿತು. ಅವರಿಗೂ ಕೇಳಿಸಿರಬೇಕು, ಅವರು ತಿರುಗಲಿಲ್ಲ.

“ಹತ್ತಿತೇನ?”

“ಹತ್ತಂಗಿಲ್ರಿ ಅಣ್ಣಾರ, ಸರಿ ಐತಿ.”

ಓಡಿ ಬಂದೆ. ರೊಟ್ಟಿ ಹೊತ್ತೇ ಹೋಗಿತ್ತು. ನಾಯಿಗೆ ಹಾಕಿದೆ. ಐನೂರರಲ್ಲಿ ಅದೊಂದು ಕಡಿಮೆಯಾಗಬಾರದೆಂದು ಮತ್ತೊಂದು ಬಡಿದೆ. ಆ ದಿನದ ನನ್ನ ಸಾಲುಗಳಲ್ಲಿ ಹೊತ್ತಿದ ರೊಟ್ಟಿಯದೂ ಒಂದು ಸಾಲಿದೆ. ಬುಷ್ಷಿನದು ಇಲ್ಲ.

ಗಾಡಿ ಹದಿನೆಂಟು ದಿನ ಓಡಿತು. ಎರಡು ಟ್ರೇಲರ್ ಕಬ್ಬು ಹೇರಿಕೊಂಡು ಹೋಗುವಾಗ ಎಂ.ಕೆ. ಹುಬ್ಬಳ್ಳಿಯ ದಾರಿಯಲ್ಲಿ ನಿಂತುಬಿಟ್ಟಿತು. ಶಾಫ್ಟು ನಡುವಿನ ಬುಷ್ಷಿಗೆ ಬೆಸುಗೆಯಾದಂತೆ ಹಿಡಿದುಕೊಂಡು, ಗಿಯರಿನ ಹಲ್ಲು ಮುರಿದು, ವಾಲ್ವು ಪಿಸ್ಟನ್ನಿಗೆ ಬಡಿದು ಒಳಗೆಲ್ಲ ಚೂರು. ಬಸಲಿಂಗ ಕೆಟ್ಟ ಹುಡುಗನಲ್ಲ. ಆದರೆ ಆ ಎಂಜಿನ್ನಿನ ಮೇಲೆ ಅವನ ಇಡೀ ಹಂಗಾಮು ನಿಂತಿತ್ತು. ಶಾಫ್ಟನ್ನು ಕೊಯ್ದು ತೆಗೆಸಿ, ನೀಲಿಗಟ್ಟಿದ ಆ ತುಂಡನ್ನು, ಅದಕ್ಕಂಟಿದ ಬುಷ್ಷಿನ ಸಮೇತ ತಂದು ಗ್ಯಾರೇಜಿನ ಕಟ್ಟೆಯ ಮೇಲೆ ದೊಪ್ಪೆಂದು ಒಗೆದ.

“ಸವದತ್ತಿಯಿಂದ ಕಿತ್ತೂರ ತನಕ ಹೆಸರಂತ! ಮಿಸ್ತ್ರಿ ಅಂತ! ಒಂದ ತೂತ ಕಾಣಲಿಲ್ಲೇನೋ ಮುದುಕಾ ನಿನಗ?”

ಓಣಿಯೆಲ್ಲ ಕೂಡಿತು. ಮಿಸ್ತ್ರಿ ಅಣ್ಣ ಆ ತುಂಡನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡು ಬೆರಳು ಆಡಿಸಿದರು. ಬೆರಳಿಗೆ ಏನೂ ತಿಳಿಯದೆಂದು ಅಲ್ಲಿ ಗೊತ್ತಿದ್ದವರು ಇಬ್ಬರೇ. ಆಮೇಲೆ ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ಬುಷ್ಷಿನ ಬೆನ್ನಿಗೆ ಬ್ಲಾಕಿನ ತೂತಿನ ಗುರುತು ಬಿದ್ದಿತ್ತು, ಬುಷ್ಷು ಅರ್ಧ ತೂತು ಮುಚ್ಚಿ ಕೂತಿತ್ತು. ತಲೆ ಎತ್ತಿ ಒಮ್ಮೆ ನಮ್ಮ ಮನೆಯ ಬಾಗಿಲ ಕಡೆ ನೋಡಿದರು. ನಾನು ಬಾಗಿಲ ಹಿಂದೆ ನಿಂತಿದ್ದೆ, ಕೈಯೆಲ್ಲ ಹಿಟ್ಟು.

“ತಪ್ಪು ನಂದ ಐತಿ, ತಮ್ಮಾ” ಅಂದರು.

“ಎಣ್ಣಿ ಗೇಜು ಸರಿ ತೋರಸ್ತಿತ್ತಲ್ರಿ!” ಅಂದ ಬಸಲಿಂಗ, ಅಳುವ ದನಿಯಲ್ಲಿ.

“ತೋರಸತೈತಿ. ಎಣ್ಣಿಗೆ ಹೋಗಾಕ ಹಾದಿ ಇಲ್ಲಂದ್ರ ಗೇಜಿನ ಮುಳ್ಳು ಇನ್ನೂ ನೆಟ್ಟಗ ನಿಂದರತೈತಿ. ಗೇಜಿಗೇನ ಗೊತ್ತು.”

ನಾನು ಹೊರಗೆ ಬರಲಿಲ್ಲ. ಬಂದು ಏನು ಹೇಳುವುದು? ಮಧ್ಯಾಹ್ನ ಎಲ್ಲರೂ ಮಲಗಿದಾಗ ಗೋಡೆ ದಾಟಿ ಹೋಗಿ ಮಿಸ್ತ್ರಿಯ ಎಂಜಿನ್ನಿಗೆ ಕೈ ಹಾಕುತ್ತಿದ್ದೆ ಅಂತಲೇ? ಓಣಿಗೆ ತೂತಿನ ಮಾತು ಅಲ್ಲಿಗೇ ಮರೆತು ಹೋಗುತ್ತಿತ್ತು, ಬೇರೆ ಮಾತು ಹುಟ್ಟುತ್ತಿತ್ತು. ಹಾಗೆಂದು ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳಲ್ಲ, ಆದರೆ ಪೂರ್ತಿ ಖರೆಯೂ ಅಲ್ಲ. ನನಗೆ ಅಂಜಿಕೆಯಾಗಿತ್ತು, ಅಷ್ಟೇ.

ಎರಡು ದಿನ ಬಿಟ್ಟು ಗೋಡೆಯ ಹತ್ತಿರ ಬಂದು ಅವರೇ ನನಗೆ ಸಮಾಧಾನ ಹೇಳಿದರು: “ನೀ ಮನಸಿಗೆ ಹಚಗೋಬ್ಯಾಡ ತಂಗಿ. ನೀ ಮುಟ್ಟಿ ನೋಡೀದಿ, ನಿನ್ನ ಬೆರಳಿಗೆ ತಿಳೀಲಿಲ್ಲ. ಕಲಿಸಿದಾಂವ ನಾನು. ನಾ ಕಲಸೂದರಾಗ ಎಲ್ಲೋ ಕಡಿಮಿ ಬಿದ್ದೈತಿ.”

ಆಗ ಹೇಳಬಹುದಿತ್ತು. ನಾನು ಮುಟ್ಟಲೇ ಇಲ್ಲ ಅಂತ. ಗೋಡೆಯ ಮೇಲಿದ್ದ ಡಬ್ಬಿ ಎತ್ತಿಕೊಂಡು ಒಳಗೆ ಬಂದೆ.

ಅದೇ ತಿಂಗಳು ಗ್ಯಾರೇಜು ಮುಚ್ಚಿತು. ಅದಾಗಲೇ ಯಾರೂ ಬರುವುದನ್ನು ಬಿಟ್ಟಿದ್ದರು. ಮುಚ್ಚಿದ ಮೇಲೂ ಅವರು ದಿನಾ ಕಟ್ಟೆಯ ಮೇಲೆ ಕೂರುತ್ತಿದ್ದರು, ಒಂದು ಹಳೆಯ ಬುಷ್ಷು ಕೈಯಲ್ಲಿ ಹಿಡಿದು ತಿರುಗಿಸುತ್ತಾ. ಎಲ್ಲಿ ಕಡಿಮೆ ಬಿದ್ದಿತು ಅಂತ ಹುಡುಕುತ್ತಿದ್ದರು ಅಂತ ನನಗೆ ಗೊತ್ತಿತ್ತು. ಒಂದೊಂದು ದಿನ ಕರೆದು ಕೇಳುತ್ತಿದ್ದರು, “ಉಗರ ಅಡ್ಡ ಎಳಿ ಅಂದಿದ್ನೋ, ಉದ್ದ ಎಳಿ ಅಂದಿದ್ನೋ?” “ಅಡ್ಡ ಅಂದಿದ್ರಿ.” “ತೂತಿನ ಸುತ್ತ ಎಡಕ್ಕ ತಿರಗಿಸು ಅಂದಿದ್ನೇನ?” “ಎರಡೂ ಕಡೆ ಅಂದಿದ್ರಿ.” “ಮತ್ತ ಹೆಂಗ ತಪ್ಪಿತು?” ನಾನು ರೊಟ್ಟಿ ಕೊಡುತ್ತಿದ್ದೆ. ಒಂದು ವರ್ಷ ಹೀಗೇ. ಆಮೇಲೆ ಕಾಲಿನ ಬೆರಳಿಗೆ ಹುಣ್ಣಾಯಿತು, ಎರಡು ಬೆರಳು ತೆಗೆದರು, ಮಗಳು ಶಮೀಮ ರಾಮದುರ್ಗಕ್ಕೆ ಕರೆದುಕೊಂಡು ಹೋದಳು. ಈಗ ಗ್ಯಾರೇಜಿನಲ್ಲಿ ಮೊಬೈಲ್ ಅಂಗಡಿ ಇದೆ. ಹಿತ್ತಲ ಗೋಡೆಯನ್ನು ಆಳೆತ್ತರ ಕಟ್ಟಿದ್ದಾರೆ.

ಮೊನ್ನೆ ಶಮೀಮ ಫೋನು ಮಾಡಿದ್ದಳು. “ಅಪ್ಪಾಗ ಊಟ ಹೋಗವಲ್ದು ಮಾಂಶಿ. ನಿಮ್ಮ ರೊಟ್ಟಿ ನೆನಸಾಕತ್ತಾರ. ಒಮ್ಮೆ ಬಂದ ಹೋಗ್ರಿ.”

ನಿನ್ನೆ ಹೋದಾಗ ಮಿಸ್ತ್ರಿ ಅಣ್ಣ ಗೋಡೆಯ ಪಕ್ಕದ ಮಂಚದ ಮೇಲಿದ್ದರು. ಎಡಗಾಲು ಮೊಣಕಾಲಿನ ಕೆಳಗೆ ಇರಲಿಲ್ಲ. ಶಮೀಮ ಇದನ್ನು ಹೇಳಿರಲಿಲ್ಲ. ಕಣ್ಣು ಬಹಳ ಕಾಣುವುದಿಲ್ಲ. ನನ್ನ ಬಳೆ ಸಪ್ಪಳಕ್ಕೇ ಗುರುತು ಹಿಡಿದು “ಕಸ್ತೂರೆವ್ವ ಬಂದ್ಲು” ಅಂದರು. ತಲೆದಿಂಬಿನ ಪಕ್ಕದಲ್ಲಿ ಆ ಹಳೆಯ ಬುಷ್ಷು ಇತ್ತು.

ಶಮೀಮ ಚಹಾ ಮಾಡಲು ಒಳಗೆ ಹೋದಳು. ರೊಟ್ಟಿ ಮುರಿದು, ಚಟ್ನಿ ಮೊಸರಲ್ಲಿ ಕಲಸಿ, ಎರಡು ತುತ್ತು ತಿನಿಸಿದೆ. ತಿಂದರು. ಮೂರನೆಯದು ಬಾಯಿಗೆ ಹಿಡಿದಾಗ ಕೇಳಿದರು, “ನಾ ಈಗೂ ಲೆಕ್ಕ ಹಾಕತೇನಿ ತಂಗಿ. ಎಲ್ಲಿ ಕಡಿಮಿ ಬಿತ್ತು ಅಂತ. ಸಾಯೂದರಾಗ ಅದೊಂದ ತಿಳಿದ್ರ ಸಾಕು.”

ತುತ್ತು ತಟ್ಟೆಯಲ್ಲಿ ಇಟ್ಟೆ. ಚೀಲದಿಂದ ಅರಿವೆಪಟ್ಟಿ ತೆಗೆದು ಅವರ ಕೈಯಲ್ಲಿಟ್ಟೆ. ಆ ಮೂರು ಬೆರಳು ಅದರ ಮೇಲೆ ಆಡಿದವು, ಕಟ್ಟಿಗೆಯ ತುಂಡುಗಳ ಹಾಗೆ.

“ಏನಿದು?”

“ಅರಿವಿ ರೀ. ಬಳಿ ಕಟ್ಟೂದು. ವೈನೀದು.”

“ಅದು ಮೊಳಿ ಮ್ಯಾಲ ಇರತಿತ್ತಲ್ಲ. ಬಸಲಿಂಗನ ಎಂಜಿನ್ ಆದ ಮ್ಯಾಲ ಹುಡಕಿದ್ನಿ, ಸಿಗಲಿಲ್ಲ.” ಅರಿವೆಯನ್ನು ಮತ್ತೆ ಬೆರಳಲ್ಲಿ ತಿಕ್ಕಿದರು. “ನಿನ್ನ ಕಡೆ ಹೆಂಗ ಬಂತು?”

“ಅವತ್ತ ಕಟ್ಟಲಿಲ್ರಿ. ನಡಕ್ಕ ಸಿಗಿಸಿಕೊಂಡ ಮನಿಗೆ ಹೋಗಿಬಿಟ್ಟೆ.”

ಅವರ ಬೆರಳು ನಿಂತಿತು.

“ಕಟ್ಟದ ಕೈ ನಡುವಿಂದಕ್ಕ ಮುಟ್ಟಂಗಿಲ್ಲ” ಅಂದರು, ಮೆಲ್ಲಗೆ, ಗಿರಾಕಿಗೆ ತಿಳಿಸಿ ಹೇಳುವ ಹಾಗೆ.

“ಮುಟ್ಟಲಿಲ್ರಿ.”

“ಹತ್ತಂಗಿಲ್ಲ ಅಂದಿ.”

“ಅಂದೆ ರೀ. ಹಂಚಿನ ಮ್ಯಾಲ ರೊಟ್ಟಿ ಇತ್ತು.”

ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಎಷ್ಟು ಚಲೋ ಇತ್ತು. ಅಥವಾ ಹಗುರಾಗುತ್ತಾರೆ ಅಂದುಕೊಂಡೆ, ಕಲಿಸಿದ್ದರಲ್ಲಿ ಕಡಿಮೆ ಬಿದ್ದಿರಲಿಲ್ಲ ಅಂತ. ಬಸ್ಸಿನಲ್ಲಿ ಸವದತ್ತಿಯಿಂದ ರಾಮದುರ್ಗದ ತನಕ ಅದೇ ಒಂದು ಆಸೆ ಹಿಡಿದುಕೊಂಡು ಕೂತಿದ್ದೆ. ಮಿಸ್ತ್ರಿ ಅಣ್ಣ ಅರಿವೆ ಕೈಬಿಟ್ಟರು. ಎರಡೂ ಕೈ ಮಂಚಕ್ಕೆ ಊರಿ, ಇಲ್ಲದ ಕಾಲಿನ ಕಡೆಯಿಂದ ಕಷ್ಟಪಟ್ಟು ಹೊರಳಿ, ಗೋಡೆ ಕಡೆ ಮುಖ ಮಾಡಿದರು. ಎರಡು ವರ್ಷ ನನ್ನ ಮರ್ಯಾದೆ ಕಾಯಲು ಹಾಗೇ ತಿರುಗಿ ನಿಲ್ಲುತ್ತಿದ್ದರು. ನನ್ನ “ಹ್ಞೂಂರಿ” ಕೇಳುವ ತನಕ.

“ಅಣ್ಣಾರ” ಅಂದೆ.

“ಬಸ್ಸು ಹೋದೀತು” ಅಂದರು ಗೋಡೆಗೆ. “ಹೊಂಡು.”

ಶಮೀಮ ಚಹಾ ತಂದಳು. ನಿಂತೇ ಕುಡಿದೆ. ಖಾಲಿ ಡಬ್ಬಿ ಕೊಡಬಾರದೆಂದು ಅದರಲ್ಲಿ ಶೇಂಗಾ ಉಂಡಿ ಹಾಕಿ ಕೊಟ್ಟಳು. “ಅಪ್ಪಾ, ಮಾಂಶಿ ಹೊಂಟ್ರ” ಅಂದಳು. ಅವರು ತಿರುಗಲಿಲ್ಲ. “ನಿದ್ದಿ ಬಂದಿರಬೇಕ್ರಿ” ಅಂದಳು ನನಗೆ. ಬಂದಿರಲಿಲ್ಲ. ಬೆನ್ನು ಉಸಿರಾಡುವುದು ನನಗೆ ಕಾಣುತ್ತಿತ್ತು. ಅರಿವೆ ಮಂಚದ ಕೆಳಗೆ ಬಿದ್ದಿತ್ತು. ಎತ್ತಿ ಮಂಚದ ಮೇಲಿಡಲೋ, ಚೀಲಕ್ಕೆ ಹಾಕಿಕೊಳ್ಳಲೋ ತಿಳಿಯದೆ ಬಿಟ್ಟು ಬಂದೆ. ಬಾಗಿಲಲ್ಲಿ ನಿಂತು ನೋಡಿದಾಗ ಬುಷ್ಷು ತಲೆದಿಂಬಿನ ಪಕ್ಕದಲ್ಲೇ ಇತ್ತು. ಇನ್ನು ಅದರಲ್ಲಿ ಹುಡುಕುವುದು ಏನೂ ಉಳಿದಿರಲಿಲ್ಲ. ಆ ಹುಡುಕಾಟವೊಂದಾದರೂ ಅವರಿಗೆ ಇತ್ತು, ಅದನ್ನೂ ತೆಗೆದುಕೊಂಡು ಬಂದೆ.

ರಾತ್ರಿ ಊಟಕ್ಕೆ ಬೆಳಗಿನ ರೊಟ್ಟಿ, ಹೆಸರುಕಾಳಿನ ಪಲ್ಲೆ, ಮಜ್ಜಿಗೆ. “ಹೆಂಗದಾನ ಮಿಸ್ತ್ರಿ?” ಅಂತ ನಮ್ಮವರು ಕೇಳಿದರು. “ಅದಾರ” ಅಂದೆ. ಉಂಡಿ ಚಲೋ ಆಗಿವೆ ಅಂತ ಅವರು ಎರಡು ತಿಂದರು. ನಾನೂ ಒಂದು ತಿಂದೆ. ಮೊದಲು ಮಲಗಿದವಳು ನಾನು. ಬೆಳಗ್ಗೆ ನಮ್ಮವರು ಹೇಳಿದರು, ದೀಪ ಆರಿಸುವುದರೊಳಗೇ ನಿದ್ದೆ ಹತ್ತಿತ್ತಂತೆ.